ನೆನೆಹಾಕಿದ ಬೇಳೆ

ಜಯಮಾಲಾ ಅವರಿಗೆ,

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ತಾಮ್ರದ ಹಂಡೆಗಳೇ, ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕುಳಿತಿರುವ ಬಿಂದಿಗೆಗಳೇ, ಹಿಂದೆ ನಿಂತು ಗಲಾಟೆ ಮಾಡುತ್ತಿರುವ ಪ್ಲಾಸ್ಟಿಕ್ ಬಕೆಟ್‌ಗಳೇ, ಸೀನೀರಿಗಾಗಿ ಹಂಬಲಿಸಿ ಹಂಬಲಿಸಿ ತಳದಲ್ಲಿ ಸುಣ್ಣ ಕಟ್ಟಿಕೊಂಡಿರುವ ಸಮಸ್ತ ಪಾತ್ರೆ ಪಡಗಗಳೇ,

ಗಾಬರಿಯಾಗಬೇಡಿ. ವಿಳಾಸ ತಪ್ಪಿ ಬಂದ ಕಾಗದವಲ್ಲ ಇದು. ಶಿವಾಜಿನಗರದ ಸಾಹೇಬರ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗಳ ಕರಡು ತಿದ್ದುತ್ತಿದ್ದ, ನೀವು ‘ಮಾಸ್ತರ’ ಎಂದು ಕರೆಯುತ್ತಿದ್ದ ಆದಿನಾರಾಯಣ ನಾನು. ಈಗಲೂ ಅಲ್ಲೇ ಕುಳಿತು ಅದನ್ನೇ ತಿದ್ದುತ್ತಿದ್ದೇನೆ. ನಡುವೆ ಹತ್ತು ಹನ್ನೆರಡು ವರ್ಷ ಕಳೆದಿವೆ. ಅಕ್ಷರ ಜೋಡಿಸುವ ಮೊಳೆಗಳು ಹೋಗಿ ಕಂಪ್ಯೂಟರ್ ಬಂದಿದೆ. ತಲೆಯ ಮೇಲಿದ್ದ ಕೂದಲು ನೀರಿನ ದೆಸೆಯಿಂದ ಹೋಗಿದೆ. ನೀರಿಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಹೊಟ್ಟೆಯೊಂದು ತಾನಾಗಿ ಬಂದಿದೆ.

ಮೇಲೆ ಬರೆದದ್ದು ನನ್ನ ಭಾಷಣದ ಮೊದಲ ಸಾಲು. ಬೈಯಪ್ಪನಹಳ್ಳಿಯ ನಮ್ಮ ಬೀದಿಗೆ ಕಡೆಗೂ ಕಾವೇರಿ ನೀರು ಬಂತು. ಹೊಸ ನಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆಯುವ ಸಣ್ಣ ಸಮಾರಂಭವೊಂದನ್ನು ಇಟ್ಟುಕೊಂಡಿದ್ದರು. ಅದರ ಮುಂದಾಳು ನಮ್ಮ ಪಕ್ಕದ ಮನೆಯ ಚಿಕ್ಕವೆಂಕಟಪ್ಪನವರು. ವಾರ ಮುಂಚೆಯೇ ಬಂದು, “ಆದಿ, ಈ ಬೀದೀಲಿ ಕನ್ನಡದಲ್ಲೇ ಬಿ.ಎ. ಮಾಡಿರೋನು ನೀನೊಬ್ನೇ. ಎಲ್ರ ಕಣ್ಣಲ್ಲೂ ನೀರು ಬರಂಗೆ ನಾಕ್ ಮಾತಾಡ್ಬೇಕು ನೋಡಪ್ಪ” ಎಂದರು. ನನ್ನ ಪದವಿಗೆ ಇಷ್ಟು ವರ್ಷಗಳಲ್ಲಿ ಸಿಕ್ಕಿದ ಮೊದಲ ಮರ್ಯಾದೆ. ಒಪ್ಪಿಕೊಂಡೆ. ಮೊನ್ನೆ ಭಾಷಣವೂ ಆಯಿತು. ಚಿಕ್ಕವೆಂಕಟಪ್ಪನವರು ನಲ್ಲಿ ತಿರುಗಿಸಿದ ಸಂಭ್ರಮವನ್ನು ಮುಂದೆ ಬರೆಯುತ್ತೇನೆ. ಮನೆಗೆ ಬಂದು ಆ ಹಾಳೆ ತೆರೆದು ನೋಡಿದರೆ, ಅದರಲ್ಲಿದ್ದ ಮಾತುಗಳಲ್ಲಿ ಅರ್ಧ ಬಿಂದಿಗೆಗಳಿಗೆ ಸಂಬಂಧಪಟ್ಟದ್ದಾಗಿರಲಿಲ್ಲ, ನಿಮಗೆ ಸಂಬಂಧಪಟ್ಟದ್ದಾಗಿತ್ತು. ಅದಕ್ಕೇ ಈ ಕಾಗದ.

ನೀವು ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ನಡೆದದ್ದು ನೆನಪಿದೆಯೇ? ಗಾರೆ ಕೆಲಸಕ್ಕೆಂದು ಭೀಮಾ ದಂಡೆಯ ಊರಿನಿಂದ ಬಂದಿದ್ದ ಅಣ್ಣ ಅತ್ತಿಗೆಯ ಜೊತೆ ನಮ್ಮ ಬೈಯಪ್ಪನಹಳ್ಳಿಯಲ್ಲೇ ಬಾಡಿಗೆ ಕೋಣೆಯಲ್ಲಿದ್ದಿರಿ. ಪ್ರೆಸ್ಸಿನಲ್ಲಿ ಖುರ್ಷೀದಾಳ ಪಕ್ಕ ಚಾಪೆಯ ಮೇಲೆ ಕುಳಿತು ಪತ್ರಿಕೆ ಮಡಿಚುತ್ತಿದ್ದಿರಿ, ಕವರಿಗೆ ಮೈದಾ ಅಂಟು ಹಚ್ಚುತ್ತಿದ್ದಿರಿ. ಹಲಸೂರಿನವರೊಬ್ಬರ ಮಗಳ ಮದುವೆ ಪತ್ರಿಕೆಗೆ ನಾನು ತಲೆಬರಹವಾಗಿ ಎರಡು ಸಾಲು ಹೊಂದಿಸಿದ್ದೆ: ‘ಬನ್ನಿರಿ ಬಂಧು ಬಳಗ, ಹರಸಿರಿ ಚಪ್ಪರದ ಒಳಗ.’ ಅಚ್ಚಾದ ಮೇಲೆ ಹುಡುಗಿಯ ತಂದೆ ಬಂದು, “ಇದೇನ್ರೀ ಒಳಗ? ಎತ್ವ ಎಲ್ರೀ ಹೋಯ್ತು?” ಎಂದು ರೇಗಿದರು. ಬಳಗಕ್ಕೆ ಹೊಂದಬೇಕಲ್ಲ ಸಾರ್ ಎಂದು ನಾನು ಗೊಣಗಿದೆ. ನೀವು ಕೈಯಲ್ಲಿದ್ದ ಪತ್ರಿಕೆಯಿಂದ ತಲೆ ಎತ್ತದೆಯೇ, “ಪ್ರಾಸಕ್ಕಂತ ನಮ್ಮೂರ ತನಕ ಬಂದೀರಲ್ರಿ ಮಾಸ್ತರ” ಎಂದಿರಿ. ಖುರ್ಷೀದಾ ನಕ್ಕ ನಗೆಗೆ ಹುಡುಗಿಯ ತಂದೆಯೂ ನಕ್ಕುಬಿಟ್ಟರು. ಒಳಗ ಒಳಗಾಗಿಯೇ ಉಳಿಯಿತು. ಅಂದಿನಿಂದ ನಾನು ಮಾಸ್ತರ. ಅದಕ್ಕೂ ಮೊದಲು ನನ್ನ ಪ್ರಾಸವನ್ನು ಗಮನಿಸಿದವರಿದ್ದರು, ನಕ್ಕವರಿದ್ದರು. ಗಮನಿಸಿ ನಗಿಸಿದವರು ನೀವೊಬ್ಬರೇ.

ಮಧ್ಯಾಹ್ನದ ಊಟಕ್ಕೆ ಮೂವರೂ ಪ್ರೆಸ್ಸಿನ ಹಿಂದಿನ ಅಂಗಳದಲ್ಲಿ ಕೂರುತ್ತಿದ್ದೆವು. ಅಲ್ಲಿ ಗೋಡೆಗೆ ಒರಗಿಕೊಂಡಂತೆ ಒಂದು ಹಿತ್ತಾಳೆ ನಲ್ಲಿಯಿತ್ತು. ಕಂಟೋನ್ಮೆಂಟಿನ ನಲ್ಲಿ, ಅದಕ್ಕೆ ಅದರದೇ ಗತ್ತು. ತಿರುಗಿಸಿದರೆ ಸಾಕು, ಕೈಗೆ ಹತ್ತಿದ ಮಸಿ ಒಂದು ಉಜ್ಜಿಗೆ ಹೋಗುತ್ತಿತ್ತು, ಸೋಪು ಮೊಣಕೈತನಕ ನೊರೆ ಕಟ್ಟುತ್ತಿತ್ತು. ಅದೇ ನಾನು ಮನೆಗೆ ಹೋಗಿ ನಮ್ಮ ಬೋರ್ ನೀರಿನಲ್ಲಿ ಅದೇ ಸೋಪು ತಿಕ್ಕಿದರೆ ಮೊಸರು ಒಡೆದ ಹಾಗೆ ಬಿಳಿ ಗಂಟುಗಳು ಬರುತ್ತಿದ್ದವು. ಅದು ಪ್ರಪಂಚದ ನಿಯಮ ಎಂದು ನಾನು ತಿಳಿದಿದ್ದೆ. ಪೇಟೆಯವರಿಗೆ ನೊರೆ, ಹಳ್ಳಿಯವರಿಗೆ ಬರೆ. ನಿಮ್ಮ ಡಬ್ಬಿಯಲ್ಲಿ ಜೋಳದ ರೊಟ್ಟಿ, ಗಟ್ಟಿ ಬೇಳೆ. ತೊಗರಿಬೇಳೆ ನಿಮ್ಮ ಊರಿನಿಂದ ಚೀಲದಲ್ಲಿ ಬರುತ್ತಿತ್ತು. ಎಸಳೆಸಳಾಗಿ ಬೆಂದು, ಬೆರಳಿಟ್ಟರೆ ಬೆಣ್ಣೆಯ ಹಾಗೆ ಕರಗುವ ಬೇಳೆ. ಸಂಜೆ ಹೊರಡುವಾಗ ಆ ನಲ್ಲಿಯಿಂದ ಒಂದು ಬಿಳಿ ಕ್ಯಾನ್ ತುಂಬಿಕೊಂಡು, ಸೊಂಟಕ್ಕಿಟ್ಟುಕೊಂಡು ನೀವು ಬಸ್ಸು ಹತ್ತುತ್ತಿದ್ದಿರಿ. ಕಂಡಕ್ಟರು ಕ್ಯಾನಿಗೂ ಟಿಕೆಟ್ ಕೇಳಿದಾಗ, “ಅದು ಕೂಸು ಐತ್ರಿ, ತೊಡಿ ಮ್ಯಾಲೆ ಕುಂದರ್ತೈತಿ” ಎಂದವರು ನೀವು. ಆ ನೀರು ಕುಡಿಯಲು ಎಂದು ನಾನು ತಿಳಿದಿದ್ದೆ. ಕೇಳಲಿಲ್ಲ. ತಿಳಿದುಕೊಂಡುಬಿಡುವುದು ನನಗೆ ಮೊದಲಿನಿಂದಲೂ ಇರುವ ಕಾಯಿಲೆ.

ಆಮೇಲೆ ಆ ಭಾನುವಾರ ಬಂತು. ನನ್ನ ತಾಯಿ ಮುನಿಲಕ್ಷ್ಮಮ್ಮ ಕಾಲು ಉಳುಕಿಸಿಕೊಂಡು ಮಲಗಿದ್ದಳು. ನೀವು ನೋಡಲು ಬಂದಿರಿ. ಅಮ್ಮನಿಗೆ ಚಹಾ ಮಾಡಿಕೊಡುತ್ತೇನೆಂದು ಯಾರನ್ನೂ ಕೇಳದೆ ಅಡುಗೆಮನೆಗೆ ಹೋದಿರಿ. ನಾನು ಬಾಗಿಲಲ್ಲಿ ನಿಂತೆ. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಮ್ಮ ಜಾತಿ ಬೇರೆ, ನಮ್ಮದು ಬೇರೆ; ಮಾತು ಬೇರೆ, ಊಟ ಬೇರೆ; ಅದಕ್ಕೆಲ್ಲ ಉತ್ತರ ಹುಡುಕಿ ಇಟ್ಟುಕೊಂಡಿದ್ದೆ. ಆದರೆ ನೇರ ಮಾತು ನನಗೆ ಬೋಳುತಲೆಯ ಹಾಗೆ ಕಾಣುತ್ತಿದ್ದ ಕಾಲ ಅದು. ಏನಾದರೊಂದು ಹೂವು ಮುಡಿಸದೆ ಹೊರಗೆ ಕಳಿಸಲು ಮನಸ್ಸಾಗುತ್ತಿರಲಿಲ್ಲ. ಹಾಗಾಗಿ ಹೀಗೆ ಕೇಳಿದೆ: “ನಿಮ್ಮೂರ ಬೇಳೆ ದಿನಾ ಈ ಮನೇಲೇ ಬೇಯೋ ಹಾಗಾದ್ರೆ ಹೇಗಿರುತ್ತೆ ಜಯಮಾಲಾ ಅವರೇ?”

ನೀವು ಚಹಾ ಪಾತ್ರೆಯ ಒಳಬದಿಗೆ ಬೆರಳಾಡಿಸಿದಿರಿ. ಬೆರಳಿಗೆ ಬಿಳಿ ಪುಡಿ ಹತ್ತಿತು. ಕೊಡದ ನೀರನ್ನು ಬೊಗಸೆಗೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದಿರಿ. ಆಮೇಲೆ ನೆಲ ನೋಡಿಕೊಂಡು, ಬಹಳ ಮೆಲ್ಲಗೆ ಹೇಳಿದಿರಿ: “ಈ ನೀರಾಗ ಬ್ಯಾಳಿ ಬೇಯಂಗಿಲ್ಲ ನೋಡ್ರಿ ಮಾಸ್ತರ. ಬ್ಯಾರೆ ನೀರು ನೋಡ್ಬೇಕು.”

ಬೇಳೆ ಬೇಯುವುದಿಲ್ಲ ಎಂದರೆ ಕನ್ನಡ ಬಲ್ಲ ಯಾರಿಗೂ ಒಂದೇ ಅರ್ಥ. ನಿನ್ನ ಆಟ ಇಲ್ಲಿ ನಡೆಯುವುದಿಲ್ಲ, ಎದ್ದು ನಡೆ. ಬೇರೆ ನೀರು ಎಂದರೆ ಬೇರೆ ಹೆಣ್ಣು. ಅದನ್ನೂ ನಾನೇ ಬಿಡಿಸಿಕೊಂಡೆ. ನನ್ನದೇ ಮಾತನ್ನು ತಿರುಗಿಸಿ, ದನಿ ಏರಿಸದೆ, ಒಳಗೆ ಮಲಗಿದ್ದ ಅಮ್ಮನಿಗೂ ಗೊತ್ತಾಗದಂತೆ ಎಷ್ಟು ಚೆಂದವಾಗಿ ಇಲ್ಲ ಎಂದಿರಲ್ಲ ಎಂದು ಆ ಸಂಕಟದಲ್ಲೂ ನಿಮ್ಮ ಭಾಷೆಗೆ ತಲೆದೂಗಿದೆ. “ಆಯ್ತು ಬಿಡಿ” ಎಂದೆ. ನೀವು ತಲೆ ಎತ್ತಿ ನೋಡಿ ಸಣ್ಣಗೆ ನಕ್ಕಿರಿ. ಆ ನಗುವನ್ನೂ ನಾನು ತಪ್ಪು ಓದಿದೆ. ದಿನವಿಡೀ ಬೇರೆಯವರ ಅಕ್ಷರ ತಿದ್ದುವವನು ನಾನು.

ಮರುದಿನದಿಂದ ಅಂಗಳದ ಊಟಕ್ಕೆ ಬರುವುದು ಬಿಟ್ಟೆ. ಮಹಡಿಯ ಮೇಲೆ, ಹಳೆಯ ಅಚ್ಚಿನ ಬ್ಲಾಕುಗಳ ಮಧ್ಯೆ ಕುಳಿತು ಚಿತ್ರಾನ್ನ ತಿಂದೆ. ನೀವು ಮೆಟ್ಟಿಲ ಕೆಳಗೆ ನಿಂತು, “ಯಾಕ್ರಿ ಮಾಸ್ತರ, ಉಣ್ಣಾಕ ಬರಂಗಿಲ್ಲೇನು?” ಎಂದಿರಿ. ಹೊಟ್ಟೆ ಸರಿಯಿಲ್ಲ ಎಂದೆ. “ಆ ನೀರು ಕುಡದ್ರ ಇನ್ನೇನ ಆಗ್ತದ” ಎಂದು ಹೋದಿರಿ. ಸಂಜೆ ನೋಡಿದರೆ ನನ್ನ ಸೈಕಲ್ಲಿನ ಹ್ಯಾಂಡಲಿಗೆ ನಿಮ್ಮ ಬಿಳಿ ಕ್ಯಾನ್, ಮೂತಿತನಕ ನೀರು. “ಅವ್ವಾರ ಅಡಗಿಗೆ ಒಯ್ರಿ” ಎಂದು ಬಸ್ಸಿಗೆ ಓಡಿದಿರಿ. ಇಲ್ಲ ಎಂದವರ ಕಡೆಯಿಂದ ಸಮಾಧಾನದ ಬಹುಮಾನ ಎಂದುಕೊಂಡೆ. ಹಲಸೂರು ಕೆರೆಯ ದಂಡೆ ಹಿಡಿದು ಮನೆಯವರೆಗೂ ಸೈಕಲ್ ತುಳಿದೆ. ಆ ಕ್ಯಾನ್ ದಾರಿಯುದ್ದಕ್ಕೂ ಗುಳುಗುಳು ಎಂದು ಏನನ್ನೋ ಹೇಳುತ್ತಲೇ ಇತ್ತು. ಅಂದು ಅಮ್ಮ ಕುಂಟುತ್ತ ಎದ್ದು ಬೇಳೆಗಿಟ್ಟಳು. ಊಟಕ್ಕೆ ಬಡಿಸುತ್ತ, “ಎಲ್ಲಿಂದ ತಂದ್ಯೋ ಈ ನೀರಾ? ಬ್ಯಾಳೆ ಹೂವಾಗೈತೆ” ಎಂದಳು. ನಾನು ಹೂಂ ಎಂದೆ. ‘ಬೇಯದ ಬೇಳೆ, ಸಾಯದ ನಾಳೆ’ ಎಂಬ ಸಾಲನ್ನು ಮುಂದುವರಿಸುವುದು ಹೇಗೆಂದು ಯೋಚಿಸುತ್ತಿದ್ದೆ. ತಟ್ಟೆಯಲ್ಲಿ ಬೆಂದ ಬೇಳೆ, ತಲೆಯಲ್ಲಿ ಬೇಯದ ಬೇಳೆ. ನಾನು ಆರಿಸಿಕೊಂಡದ್ದು ಪ್ರಾಸವಿದ್ದ ಬೇಳೆಯನ್ನು.

ಆ ವರ್ಷ ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಅಣ್ಣನಿಗೆ ಹೊಸಪೇಟೆಯ ಕಡೆ ಕೆಲಸ ಸಿಕ್ಕಿತು. ಕೊನೆಯ ದಿನ ನೀವು ಎಲ್ಲರಿಗೂ ಹೇಳಿ ನನ್ನ ಮೇಜಿನ ಬಳಿ ಬಂದಿರಿ. ಏನನ್ನೋ ಕಾಯುವವರ ಹಾಗೆ ಸ್ವಲ್ಪ ಹೊತ್ತು ನಿಂತಿರಿ. ಆಮೇಲೆ, “ಕ್ಯಾನ್ ನಿಮ್ಮ ಹತ್ರನ ಇರ್ಲಿ. ಬೇಕಾಗ್ತದ” ಎಂದಿರಿ. ನಾನು ಎದ್ದು ನಿಂತು “ಧನ್ಯವಾದಗಳು” ಎಂದೆ, ಸಭೆ ಮುಗಿದಾಗ ಹೇಳುವ ಹಾಗೆ.

ಆಮೇಲಿನ ವರ್ಷಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಅಮ್ಮ ಕೆಲವು ಹುಡುಗಿಯರನ್ನು ನೋಡಿಸಿದಳು. ಒಬ್ಬರು ನನ್ನನ್ನು ಬೇಡವೆಂದರು, ಮಿಕ್ಕವರನ್ನು ನಾನು. ಊರಿನಲ್ಲಿ ಮನೆಗಳು ಎದ್ದವು, ಬೋರುಗಳು ಆಳಕ್ಕಿಳಿದವು, ಆಳಕ್ಕಿಳಿದಷ್ಟೂ ನೀರು ಗಡಸಾಯಿತು. ನೀರು ಕಾಯಿಸುವ ಕರೆಂಟ್ ಕಾಯಿಲ್ ಸುಣ್ಣದ ತೊಗಟೆ ಕಟ್ಟಿ ಬೆಂಡುಬತ್ತಾಸಿನ ಹಾಗಾಯಿತು. ಈಗ ಮೆಟ್ರೋ ಎಂದು ಅಗೆಯುತ್ತಿದ್ದಾರೆ. ಧೂಳು ಹೊರಗಿನಿಂದ, ಸುಣ್ಣ ಒಳಗಿನಿಂದ. ಹೋದ ವರ್ಷಕ್ಕೆ ಹಿಂದಿನ ವರ್ಷ ಅಮ್ಮ ಹೋದಳು.

ಅಲ್ಲಿಯವರೆಗೆ ನಾನು ಅಡುಗೆಮನೆಗೆ ಹೋಗುತ್ತಿದ್ದುದು ನೀರು ಕುಡಿಯಲು ಮಾತ್ರ. ಹೋಟೆಲ್ ಊಟ ಹೊಟ್ಟೆಗೆ ಹಿಡಿಸದೆ ಬೇಳೆಗಿಟ್ಟೆ. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಳೆಯಾಗಿಯೇ ಇತ್ತು. ಮೇಲೆ ನೀರು, ಕೆಳಗೆ ಮರಳು. ಕುಕ್ಕರಿನ ರಬ್ಬರು ಬದಲಾಯಿಸಿದೆ. ಬೇಳೆ ಹಳತು ಎಂದು ಅಂಗಡಿಯವನ ಜೊತೆ ಜಗಳವಾಡಿದೆ. ಕಡೆಗೆ ನನಗೇ ಕೈಗುಣವಿಲ್ಲ ಎಂದು ಒಪ್ಪಿಕೊಂಡು ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡೆ. ಮನೆಯಲ್ಲಿ ನನ್ನ ಬಿಟ್ಟರೆ ದನಿ ಎತ್ತುವುದು ಆ ಕುಕ್ಕರ್ ಒಂದೇ ಆದ್ದರಿಂದ ಅದನ್ನು ಪೂರ್ತಿ ಬಿಡಲಾಗಲಿಲ್ಲ. ಆಗಾಗ ಬೇಳೆ ಬೇಯಲಿಕ್ಕಲ್ಲ, ಕೂಗಲಿ ಎಂದು ಇಡುತ್ತಿದ್ದೆ. 

ಕಪಾಟಿನಲ್ಲಿ ಎರಡು ಸ್ಟೀಲ್ ಲೋಟಗಳಿವೆ. ಒಂದರಲ್ಲಿ ನಾನು ಕುಡಿಯುತ್ತೇನೆ. ಅದರ ತುಂಬ ಬಿಳಿ ಕಲೆ, ಉಜ್ಜಿದರೂ ಹೋಗುವುದಿಲ್ಲ. ಪಕ್ಕದ್ದು ಅಮ್ಮನದು. ಫಳಫಳ ಹೊಳೆಯುತ್ತದೆ. ಈ ನೀರಿನಲ್ಲಿ ಯಾರೂ ಮುಟ್ಟದ ಲೋಟ ಮಾತ್ರ ಹೊಸದಾಗಿ ಉಳಿಯುತ್ತದೆ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಟೈ ಕಟ್ಟಿಕೊಂಡ ಈರೇಶ ಎಂಬ ಹುಡುಗ, ನೀರು ಮೆದು ಮಾಡುವ ಮಷಿನ್ ಮಾರುವವನು, ರಾಯಚೂರಿನ ಕಡೆಯವನಂತೆ. ಮಾರುವವರನ್ನು ಬಾಗಿಲಲ್ಲೇ ಕಳಿಸುವುದು ನನ್ನ ಪದ್ಧತಿ. ಆದರೆ ಆ ದಿನ ಯಾರೊಡನೆಯೂ ಮಾತಾಡಿರಲಿಲ್ಲ, ಒಳಗೆ ಕರೆದೆ. ಅವನು ನಮ್ಮ ನಲ್ಲಿಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದು, ಸಣ್ಣ ಸೀಸೆಯಿಂದ ಸೋಪಿನ ನೀರು ತೊಟ್ಟಿಕ್ಕಿಸಿ ಅಲ್ಲಾಡಿಸಿದ. ನೊರೆ ಬರಲಿಲ್ಲ, ಮಜ್ಜಿಗೆಯಂತಾಯಿತು. ನಿನ್ನ ಬೇಳೆ ನನ್ನ ಹತ್ತಿರ ಬೇಯಲ್ಲಪ್ಪ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವನೇ ಲೋಟವನ್ನು ಬೆಳಕಿಗೆ ಹಿಡಿದು ಹೇಳಿದ: “ಈ ನೀರಾಗ ಬ್ಯಾಳಿ ಬೇಯಂಗಿಲ್ರಿ ಸರ್.”

ಅದೇ ಎಳೆತ, ಅದೇ ಮಾತು. ಇನ್ನೊಂದು ಸಲ ಹೇಳಪ್ಪ ಎಂದೆ. ಅವನಿಗೆ ಹುರುಪು ಬಂತು. “ಖರೇನ ಸರ್. ಗಡಸ ನೀರು. ಎಷ್ಟ ಕುದಿಸ್ರೀ, ಬ್ಯಾಳಿ ಒಡಿಯಂಗಿಲ್ಲ. ನಮ್ಮವ್ವಗ ಕೇಳ್ರಿ, ಬಾಯಾಗ ಹಾಕ್ಕೊಂಡ ಹೇಳ್ತಾಳ. ಬ್ಯಾರೆ ನೀರು ನೋಡ್ರಿ, ಇಲ್ಲಾಂದ್ರ ಮಷಿನ್ ತಗೋರಿ.” ಬೇಳೆ ಎಂದರೆ ಬೇಳೆಯೇ ಏನಪ್ಪ ಎಂದು ಕೇಳಿದೆ. ಅವನು ನನ್ನನ್ನು ಒಂದು ತರಹ ನೋಡಿ, “ಮತ್ತೇನ್ರಿ ಸರ್?” ಎಂದ. ಮಷಿನ್ ಕೊಳ್ಳಲಿಲ್ಲ, ಚಹಾ ಮಾಡಿಕೊಟ್ಟೆ. ಆ ನೀರಿನ ಗುಣ ಗೊತ್ತಿದ್ದೂ ಪೂರ್ತಿ ಕುಡಿದ, ಪುಣ್ಯಾತ್ಮ.

ನನ್ನ ಮಾತಿಗೆ ನಾನು ಹೂವು ಮುಡಿಸಿದ್ದೆ. ನಿಮ್ಮ ಮಾತಿಗೂ ಹೂವಿದೆ ಎಂದು ಹುಡುಕಿದೆ. ನೀವು ನೀರಿನ ವಿಷಯ ಹೇಳಿದ್ದಿರಿ. ಮನೆ ಮಾಡುವ ಹೆಣ್ಣು ಮೊದಲು ನೋಡುವುದು ನೀರನ್ನು. ಬೇಡವಾದ ಮನೆಯ ನೀರನ್ನು ಯಾರೂ ಬೊಗಸೆಯಲ್ಲಿ ಹಿಡಿದು ಕುಡಿದು ನೋಡುವುದಿಲ್ಲ.

ಆದರೂ ನನಗೆ ನನ್ನ ತಿಳಿವಳಿಕೆಯ ಮೇಲೆ ನಂಬಿಕೆ ಹೊರಟುಹೋಗಿತ್ತು. ಮಾರನೆಯ ದಿನ ಪ್ರೆಸ್ಸಿನಲ್ಲಿ ಖುರ್ಷೀದಾಳನ್ನು ಕೇಳಿದೆ, ಜಯಮಾಲಾ ಈಗ ಎಲ್ಲಿದ್ದಾರೆ ಗೊತ್ತಾ ಎಂದು. ಅವಳು ಅಂಟಿನ ಬಟ್ಟಲು ಕೆಳಗಿಟ್ಟು, “ಕ್ಯಾ ಮಾಸ್ಟರ್, ಈಗ ಕೇಳ್ತೀರಾ? ಅವ್ಳು ಮರ್ಫಿ ಟೌನಲ್ಲೇ ಅವ್ಳೆ, ಬಂದು ಎರಡು ವರ್ಷ ಆಯ್ತು. ಜೋಳದ ರೊಟ್ಟಿ ಮಾಡಿ ಮಾರ್ತಾಳೆ. ಒಬ್ಳೇ. ಶಾದಿ ಆಗಿಲ್ಲ” ಎಂದಳು. ಅವಳೇ ಮುಂದುವರಿಸಿದಳು: “ಆವತ್ತು ಊರು ಬಿಡೋ ಮುಂಚೆ ನಂಗೆ ಕೇಳಿದ್ಲು, ಮಾಸ್ಟರ್ ಬೇರೆ ಮನೆ ನೋಡ್ತಾ ಅವ್ರಾ, ಒಳ್ಳೆ ನೀರು ಬರೋ ಕಡೆ, ಅಂತ. ಇಲ್ವಲ್ಲ, ಯಾಕೆ ಅಂದೆ. ಸುಮ್ನೆ ಅಂದ್ಲು.” ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. “ನೀವು ಕೇಳಿಲ್ಲ, ನಾನು ಹೇಳಿಲ್ಲ. ಹಾಕಿ ಇದಕ್ಕೂ ಒಂದು ಪ್ರಾಸ” ಎಂದು ಬಟ್ಟಲು ಎತ್ತಿಕೊಂಡಳು.

ಆ ‘ಸುಮ್ನೆ’ಗೆ ಪ್ರಾಸ ಹುಡುಕಿದೆ. ಸಿಗಲಿಲ್ಲ.

ಅಂದಿನಿಂದ ಬಸ್ಸು ಹಲಸೂರು ದಾಟುವಾಗ ನಾನು ಮರ್ಫಿ ಟೌನಿನ ಕಡೆಯ ಕಿಟಕಿ ಹಿಡಿದು ಕೂರುತ್ತೇನೆ. ಒಂದು ಸಲ ಇಳಿದೂ ಇಳಿದೆ. ಖುರ್ಷೀದಾ ಹೇಳಿದ ಗುರುತು ಹಿಡಿದು ನಿಮ್ಮ ಬೀದಿಯ ತುದಿಗೆ ಬರುತ್ತಲೇ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಪಟಪಟ, ಪಟಪಟ, ನಡುವೆ ತಿರುವಿ ಹಾಕುವಷ್ಟು ಮೌನ. ಅಲ್ಲೇ ನಿಂತು ಒಂದು ಕಡ್ಲೆಕಾಯಿ ಪೊಟ್ಟಣ ಮುಗಿಸಿ ವಾಪಸು ಬಂದೆ. ತೀರ ದೂರದ ಊರಿಗಾದರೆ ಸುಮ್ಮನೆ ಹೋಗಬಹುದು. ಇಷ್ಟು ಹತ್ತಿರಕ್ಕೆ ಹೋಗಲು ಒಂದು ಕಾರಣ ಬೇಕು.

ಆ ಕಾರಣ ಈಗ ಸಿಕ್ಕಿದೆ. ನಮ್ಮ ಬೀದಿಗೆ ಕಾವೇರಿ ಬಂದಿದ್ದಾಳೆ. ಬೇಳೆ ಈಗ ಕುಕ್ಕರ್ ಕೂಗುವ ಮೊದಲೇ ಮಲ್ಲಿಗೆಯಾಗುತ್ತದೆ. ಸೋಪು ಮೊಣಕೈತನಕ ನೊರೆ ಕಟ್ಟುತ್ತದೆ. ಚಹಾದ ಮೇಲೆ ತೇಲುತ್ತಿದ್ದ ಪೊರೆ ಮಾಯವಾಗಿದೆ. ಕೂದಲು ಕೂಡ ಮರಳಿ ಬರುವ ಆಲೋಚನೆ ಮಾಡುತ್ತಿದೆ. ನೀರು ಸಿಹಿ, ಇದಕ್ಕೆ ನನ್ನ ಸಹಿ. ಬೇರೆ ನೀರು ನೋಡಬೇಕು ಎಂದಿದ್ದಿರಿ. ತಡವಾಯಿತು, ಆದರೆ ನೋಡಿದ್ದೇನೆ. ಮೊನ್ನೆಯ ಸಮಾರಂಭಕ್ಕೆ ನೀವು ಇರಬೇಕಿತ್ತು. ಬೀದಿಯ ಬಿಂದಿಗೆಗಳೆಲ್ಲ ಸಾಲಾಗಿ ನಿಂತಿದ್ದವು. ನನ್ನ ಭಾಷಣಕ್ಕೆ ಚಪ್ಪಾಳೆ ಬಿತ್ತು. ಚಿಕ್ಕವೆಂಕಟಪ್ಪನವರು ಕಾಯಿ ಒಡೆದು, ಕರ್ಪೂರ ಬೆಳಗಿ, ಎಲ್ಲರೂ ಉಸಿರು ಹಿಡಿದು ನೋಡುತ್ತಿರಲು, ನಲ್ಲಿಯನ್ನು ತಿರುಗಿಸಿದರು. ನಲ್ಲಿ…

ನೀರು ಬರಲಿಲ್ಲ, ಜಯಮಾಲಾ ಅವರೇ.

ಗಾಳಿ ಬಂತು. ಮುದುಕನ ಕೆಮ್ಮಿನ ಹಾಗೆ ಒಂದು ಸದ್ದು, ಆಮೇಲೆ ತುಕ್ಕಿನ ಬಣ್ಣದ ಒಂದೆರಡು ತೊಟ್ಟು, ಅಷ್ಟೇ. ಇಂದಿಗೂ ಅಷ್ಟೇ. ಹಾರ ಒಣಗಿ ನಲ್ಲಿಗೇ ಅಂಟಿಕೊಂಡಿದೆ. ಮಲ್ಲಿಗೆಯಾದ ಬೇಳೆ, ನೊರೆ, ಕೂದಲು ಎಲ್ಲ ಸುಳ್ಳು. ಮನೆಯಲ್ಲಿ ಅದೇ ಬೋರ್ ನೀರು. ಚಿಟಿಕೆ ಸೋಡಾ ಹಾಕಿ ಬೇಳೆಯನ್ನು ನೆನೆಹಾಕಿಟ್ಟು ಪ್ರೆಸ್ಸಿಗೆ ಹೋಗುತ್ತೇನೆ; ಅಮ್ಮ ಹಾಗೆ ಮಾಡುತ್ತಿದ್ದಳೆಂದು ಚಿಕ್ಕವೆಂಕಟಪ್ಪನವರ ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು. ಒಬ್ಬನಿಗೆ ಒಂದು ಹಿಡಿ. ಸಂಜೆ ಬೀಗ ತೆಗೆದಾಗ ಮನೆಯಲ್ಲಿ ನನಗಾಗಿ ಕಾದಿರುವುದು ಅದೊಂದೇ. ಅದು ನೆನೆಯುತ್ತಿರುತ್ತದೆ, ನಾನೂ ನೆನೆಯುತ್ತಿರುತ್ತೇನೆ.

ಬೇರೆ ನೀರು ಸಿಗಲಿಲ್ಲ. ಆದರೂ ಕೇಳುತ್ತಿದ್ದೇನೆ, ಈ ಸಲ ಬೇಳೆಯನ್ನು ನಡುವೆ ತರದೆ. ಭಾನುವಾರ ನಿಮ್ಮ ಬಿಳಿ ಕ್ಯಾನ್ ಹಿಡಿದು ಬರುತ್ತೇನೆ. ನೀರು ತುಂಬಿ ಕಳಿಸಿದರೆ ತೆಗೆದುಕೊಂಡು ಹೋಗುತ್ತೇನೆ. ಕುಂದರ್ರಿ ಎಂದರೆ ಕೂರುತ್ತೇನೆ. ನೀವು ಏನು ಹೇಳಿದರೂ ಹೇಳಿದಷ್ಟನ್ನೇ ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಒಲೆಯ ಮೇಲೆ ಹಂಚು ಕಾದಿರಲಿ, ನಿಮ್ಮ ನಲ್ಲಿಯಲ್ಲಿ ಸೀನೀರು ನಿಲ್ಲದಿರಲಿ.

ಇದೊಂದನ್ನು ಬರೆಯಲು ಅಷ್ಟು ಬಿಂದಿಗೆಗಳನ್ನು ಸಾಲಾಗಿ ನಿಲ್ಲಿಸಬೇಕಾಯಿತು: ನನಗೆ ಒಬ್ಬನೇ ಇರಲು ಆಗುತ್ತಿಲ್ಲ.

ಪ್ರಾಸವಿಲ್ಲದೆ ನಿಮ್ಮ ಬೀದಿಯ ತನಕ ಬರಲಿರುವ,
ಆದಿನಾರಾಯಣ